ಓಪನ್ ಕೊಟ್ಟರೆ ಬಾಕ್ಸೇ ಬರಲ್ಲ: ಒಂದು ಆಟೋಕ್ಯಾಡ್ ರಿಪೇರಿಯ ಲಾಗ್

‘ಸರ್, ಫೈಲ್ ಓಪನ್ ಮಾಡೋಕೇ ಆಗ್ತಿಲ್ಲ. ಕಂಟ್ರೋಲ್ ಓ ಒತ್ತಿದ್ರೆ ಕೆಳಗೆ ಏನೋ ಒಂದು ಸಾಲು ಬರುತ್ತೆ, ಅಷ್ಟೇ. ಬಾಕ್ಸೇ ಬರಲ್ಲ.’

ಪಕ್ಕದ ಮೇಜಿನ ಸಹೋದ್ಯೋಗಿ ಹೀಗೆ ಹೇಳುವ ಹೊತ್ತಿಗೆ ಇನ್ನೊಬ್ಬರು ಆಗಲೇ ತೀರ್ಪು ಕೊಟ್ಟಾಗಿತ್ತು. ಆಟೋಕ್ಯಾಡ್, ಅಂದರೆ ನಾವು ನಕ್ಷೆ ಬರೆಯುವ ಸಾಫ್ಟ್‌ವೇರ್, ಕರಪ್ಟ್ ಆಗಿದೆ, ತೆಗೆದು ಮತ್ತೆ ಹಾಕಬೇಕು ಅಂತ. ಅಂದರೆ ಅರ್ಧ ದಿನ ಹೋಯಿತು. ಅವರು ವರ್ಷಗಟ್ಟಲೆ ಜೋಡಿಸಿಕೊಂಡ ಟೂಲ್‌ಬಾರು, ಶಾರ್ಟ್‌ಕಟ್ಟುಗಳೂ ಹೋದವು. ‘ಒಂದ್ನಿಮಿಷ ಇರಿ, ಬೆಳಗ್ಗೆಯಿಂದ ಏನು ಮಾಡಿದ್ರಿ?’ ಅಂತ ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದರು: ಯಾರೋ ಕೊಟ್ಟ ಒಂದು ಲಿಸ್ಪ್, ಅಂದರೆ ಆಟೋಕ್ಯಾಡಿನೊಳಗೆ ಕೆಲಸವನ್ನು ತಾನೇ ಮಾಡುವ ಸಣ್ಣ ಪ್ರೋಗ್ರಾಂ, ಓಡಿಸಿದ್ದರು. ಒಂದಷ್ಟು ಶೀಟುಗಳನ್ನು ಒಟ್ಟಿಗೆ ಪ್ರಿಂಟ್ ಹಾಕುವ ಲಿಸ್ಪ್. ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತಿದೆ ಅಂತ ನಡುವೆ ಎಸ್ಕೇಪ್ ಒತ್ತಿದ್ದರು.

ಅಲ್ಲಿಗೆ ಅರ್ಧ ಗೊತ್ತಾಯಿತು. ಮುಂದೆ ಬರೆದಿರುವುದು ಆ ಯಂತ್ರವನ್ನು ಸರಿ ಮಾಡಿದ ಕಥೆ. ಆಮೇಲೆ ಇಂಥದ್ದು ಮತ್ತೆ ಆಗದಿರಲಿ ಅಂತ ನಾನು ಕಟ್ಟಿದ ಒಂದು ಸಣ್ಣ ಫೈಲಿನ ಕಥೆ. ಅದರಲ್ಲಿ ನಾನೇ ಮಾಡಿಕೊಂಡ ಎಡವಟ್ಟೂ ಇದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವೇರಿಯಬಲ್ ಅಂದರೆ ಆಟೋಕ್ಯಾಡ್ ಹೇಗೆ ನಡೆದುಕೊಳ್ಳಬೇಕು ಅಂತ ಹೇಳುವ ಸೆಟ್ಟಿಂಗ್. ಅವುಗಳ ಹೆಸರುಗಳನ್ನು ನಾವು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ. ಕಮಾಂಡ್ ಲೈನಿನಲ್ಲಿ, ಅಂದರೆ ಪರದೆಯ ಕೆಳಗಿನ ಆ ಸಾಲಿನಲ್ಲಿ, ಹೊಡೆಯುವಾಗ ನಡುವೆ ಸ್ಪೇಸ್ ಬೇಡ. ಸ್ಪೇಸ್ ಕೊಟ್ಟರೆ ಅದು ಎಂಟರ್ ಒತ್ತಿದ ಹಾಗೆ. ಎಡವುವ ಕಡೆ ಅಕ್ಷರ ಬಿಡಿಸಿ ಹೇಳಿದ್ದೇನೆ.

ಬಾಕ್ಸ್ ಎಲ್ಲಿಗೆ ಹೋಯಿತು

ಓಪನ್ ಕೊಟ್ಟಾಗ ಕೆಳಗೆ ಬರುತ್ತಿದ್ದ ಸಾಲು ಏನು ಅಂತ ಓದಿದೆ. ತೆರೆಯಬೇಕಾದ ಡ್ರಾಯಿಂಗಿನ ಹೆಸರು ಟೈಪ್ ಮಾಡು ಅಂತ ಕೇಳುತ್ತಿತ್ತು. ಅಂದರೆ ಪ್ರೋಗ್ರಾಂ ಚೆನ್ನಾಗೇ ಇದೆ. ಬಾಕ್ಸ್ ತೋರಿಸಬೇಡ ಅಂತ ಯಾರೋ ಅದಕ್ಕೆ ಹೇಳಿಟ್ಟಿದ್ದಾರೆ, ಅಷ್ಟೇ.

ಹಾಗೆ ಹೇಳುವ ವೇರಿಯಬಲ್ ಫೈಲ್‌ಡಯಾ. ಫೈಲ್ ಆದ ಮೇಲೆ ಡಿ, ಐ, ಎ. ಬೆಲೆ 1 ಇದ್ದರೆ ಬಾಕ್ಸ್ ಬರುತ್ತೆ, 0 ಇದ್ದರೆ ಬರಲ್ಲ. ಲಿಸ್ಪ್ ಬರೆದವರು ಇದನ್ನು ಬೇಕೆಂದೇ 0 ಮಾಡುತ್ತಾರೆ. ಮೂವತ್ತು ಫೈಲನ್ನು ಒಂದರ ಹಿಂದೆ ಒಂದು ತೆರೆಯುವಾಗ ಪ್ರತಿ ಸಲ ಬಾಕ್ಸ್ ಎದ್ದು ನಿಂತರೆ ಕೆಲಸ ಸಾಗಲ್ಲ ಅಲ್ವಾ? ಕೊನೆಯಲ್ಲಿ ಮತ್ತೆ 1 ಮಾಡುವ ಸಾಲನ್ನೂ ಬರೆದಿರುತ್ತಾರೆ. ಇವರು ಎಸ್ಕೇಪ್ ಒತ್ತಿದ್ದರಿಂದ ಆ ಕೊನೆಯ ಸಾಲು ಓಡಲೇ ಇಲ್ಲ.

ಫೈಲ್‌ಡಯಾ, ಎಂಟರ್, 1, ಎಂಟರ್. ಬಾಕ್ಸ್ ಬಂತು. ಅವರು ನನ್ನ ಮುಖ ನೋಡಿದರು. ‘ಇಷ್ಟೇನಾ?’

ವೇರಿಯಬಲ್ ಹೆಸರು ನೆನಪಿಗೆ ಬರದಿದ್ದರೆ ಇನ್ನೊಂದು ದಾರಿ ಇದೆ. ಹೆಸರು ಕೇಳುವ ಆ ಸಾಲಿಗೆ ಟಿಲ್ಡೆ ಹೊಡೆದು ಎಂಟರ್ ಕೊಡಿ. ಟಿಲ್ಡೆ ಅಂದರೆ ಕೀಬೋರ್ಡಿನ ಎಡ ಮೂಲೆಯಲ್ಲಿ, 1ರ ಪಕ್ಕದಲ್ಲಿರುವ ಆ ಅಲೆಯ ಗುರುತು. ಆ ಒಂದು ಸಲಕ್ಕೆ ಬಾಕ್ಸ್ ತೆರೆದುಕೊಳ್ಳುತ್ತೆ. ಅರ್ಜೆಂಟಿನಲ್ಲಿ ಫೈಲ್ ತೆಗೆಯೋಕೆ ಸಾಕು.

ಒಂದರ ಹಿಂದೆ ಒಂದು

ಇಷ್ಟಕ್ಕೇ ಮುಗಿಯಲಿಲ್ಲ. ಫೈಲ್ ತೆರೆದು ಕೆಲಸ ಶುರು ಮಾಡಿದ ತಕ್ಷಣ ಅವರ ಎರಡನೇ ದೂರು ಬಂತು. ಸ್ನ್ಯಾಪ್ ಹಿಡಿಯುತ್ತಿಲ್ಲ. ಅಂದರೆ ಕರ್ಸರ್ ಗೆರೆಯ ತುದಿ, ನಡು ಇಂಥ ಬಿಂದುಗಳಿಗೆ ಅಂಟಿಕೊಳ್ಳುತ್ತಿಲ್ಲ.

ಯಾವ ಸ್ನ್ಯಾಪ್‌ಗಳು ಚಾಲೂ ಇವೆ ಅಂತ ಹೇಳುವ ಓಎಸ್‌ಮೋಡ್ ಹೊಡೆದು ನೋಡಿದೆ. 0 ಇತ್ತು. ಇದೂ ಅದೇ ಲಿಸ್ಪಿನ ಉಳಿಕೆ. ಈ ವೇರಿಯಬಲ್ ಕೆಲಸ ಮಾಡುವ ರೀತಿ ನನಗೆ ತುಂಬಾ ಇಷ್ಟ. ಎಂಡ್‌ಪಾಯಿಂಟಿಗೆ 1, ಮಿಡ್‌ಪಾಯಿಂಟಿಗೆ 2, ಸೆಂಟರಿಗೆ 4, ನೋಡ್‌ಗೆ 8, ಕ್ವಾಡ್ರೆಂಟಿಗೆ 16, ಇಂಟರ್‌ಸೆಕ್ಷನ್ನಿಗೆ 32. ಹೀಗೆ ಪ್ರತಿಯೊಂದೂ ಹಿಂದಿನದರ ಎರಡರಷ್ಟು. ಬೇಕಾದವನ್ನು ಕೂಡಿದರೆ ಒಂದೇ ಸಂಖ್ಯೆ ಸಿಗುತ್ತೆ. ಹೊಸದಾಗಿ ಹಾಕಿದ ಆಟೋಕ್ಯಾಡಿನಲ್ಲಿ ಇದು 4133 ಇರುತ್ತೆ. ಬಿಡಿಸಿ ನೋಡಿ: 4096 ಎಕ್ಸ್‌ಟೆನ್ಶನ್, 32 ಇಂಟರ್‌ಸೆಕ್ಷನ್, 4 ಸೆಂಟರ್, 1 ಎಂಡ್‌ಪಾಯಿಂಟ್. ಎಫ್3 ಒತ್ತಿ ಸ್ನ್ಯಾಪ್ ಆರಿಸಿದಾಗ ಈ ಆಯ್ಕೆಗಳು ಅಳಿಸಿ ಹೋಗಲ್ಲ. ಅದಕ್ಕೆ 16384 ಸೇರಿಕೊಳ್ಳುತ್ತೆ, ಅಂದರೆ 4133 ಹೋಗಿ 20517 ಆಗುತ್ತೆ. ಹಾಗಾಗಿ ಬರೀ 0 ಕಂಡರೆ ಅದು ಎಫ್3 ಕೆಲಸ ಅಲ್ಲ, ಯಾರೋ ಗುಡಿಸಿ ಹಾಕಿದ್ದಾರೆ ಅಂತಲೇ ಅರ್ಥ.

ಲಿಸ್ಪ್ ಯಾಕೆ ಸ್ನ್ಯಾಪ್ ಆರಿಸುತ್ತೆ? ಅದಕ್ಕೂ ಕಾರಣ ಇದೆ. ಓಸ್ನ್ಯಾಪ್‌ಕೋಆರ್ಡ್ ಅಂತ ಇನ್ನೊಂದು ವೇರಿಯಬಲ್ ಇದೆ. ಅದು ಮಾಮೂಲಾಗಿ 2 ಇರುತ್ತೆ. ನಾವು ಕೀಬೋರ್ಡಿನಲ್ಲಿ ಹೊಡೆದ ಕೋಆರ್ಡಿನೇಟ್‌ಗೆ ಸ್ನ್ಯಾಪ್‌ಗಿಂತ ಮೇಲಿನ ಸ್ಥಾನ, ಆದರೆ ಸ್ಕ್ರಿಪ್ಟ್ ಓಡುವಾಗ ಹಾಗಲ್ಲ ಅಂತ ಅದರ ಅರ್ಥ. ಲಿಸ್ಪ್ ಕೊಟ್ಟ ಬಿಂದುವಿನ ಹತ್ತಿರ ಬೇರೆ ಗೆರೆಯ ತುದಿ ಇದ್ದರೆ, ಬಿಂದು ಆ ತುದಿಗೆ ಹೋಗಿ ಅಂಟಿಕೊಳ್ಳುತ್ತೆ. ಅದಕ್ಕೇ ಬರೆಯುವವರು ಮೊದಲೇ ಸ್ನ್ಯಾಪ್ ತೆಗೆದುಬಿಡುತ್ತಾರೆ. ತೆಗೆದದ್ದು ತಪ್ಪಲ್ಲ. ವಾಪಸ್ ಇಡೋದು ತಪ್ಪಿಹೋಯಿತು, ಅಷ್ಟೇ.

ಮೂರನೇ ದೂರು ನಿಜಕ್ಕೂ ಲಿಸ್ಪಿನದ್ದಲ್ಲ. ಒಂದು ಗೆರೆ ಸೆಲೆಕ್ಟ್ ಮಾಡಿ ಇನ್ನೊಂದರ ಮೇಲೆ ಕ್ಲಿಕ್ ಮಾಡಿದರೆ ಮೊದಲಿನದು ಬಿಟ್ಟುಹೋಗುತ್ತಿತ್ತು. ‘ಇದು ಎರಡು ದಿನದಿಂದ ಹೀಗೇ ಇದೆ ಸರ್, ಶಿಫ್ಟ್ ಒತ್ತಿಕೊಂಡು ಮಾಡ್ತಿದ್ದೆ’ ಅಂದರು. ಎರಡು ದಿನ! ಪಿಕ್‌ಆ್ಯಡ್ ನೋಡಿದೆ, ಕೊನೆಯಲ್ಲಿ ಎರಡು ಡಿ. 0 ಇತ್ತು, 2 ಮಾಡಿದೆ. ಇದು ಹೇಗೆ ಬದಲಾಗುತ್ತೆ ಅನ್ನೋದನ್ನು ಅವರಿಗೆ ತೋರಿಸಿದೆ. ಪ್ರಾಪರ್ಟೀಸ್ ಪ್ಯಾಲೆಟ್ಟಿನ ತಲೆಯ ಬಲಗಡೆ ಮೂರು ಪುಟ್ಟ ಬಟನ್ನುಗಳಿವೆ. ಕ್ವಿಕ್ ಸೆಲೆಕ್ಟ್ ಒತ್ತಲು ಹೋಗಿ ಪಕ್ಕದ್ದಕ್ಕೆ ಬೆರಳು ತಾಗಿದರೆ ಪಿಕ್‌ಆ್ಯಡ್ ಬದಲಾಗಿಬಿಡುತ್ತೆ. ಯಾವ ಎಚ್ಚರಿಕೆಯೂ ಬರಲ್ಲ. ಬಟನ್ನಿನ ಮೇಲಿನ ಚಿತ್ರ ಪ್ಲಸ್ ಗುರುತಿನಿಂದ 1ಕ್ಕೆ ಬದಲಾಗುತ್ತೆ. ಅಷ್ಟು ಸಣ್ಣ ಚಿತ್ರವನ್ನು ಯಾರು ನೋಡುತ್ತಾರೆ?

ಇದರ ತಮ್ಮ ಪಿಕ್‌ಫಸ್ಟ್. ಅದು 0 ಆದರೆ ಮೊದಲು ಸೆಲೆಕ್ಟ್ ಮಾಡಿ ಆಮೇಲೆ ಡಿಲೀಟ್ ಕೀ ಒತ್ತುವ ಅಭ್ಯಾಸ ನಡೆಯಲ್ಲ. ಕೀಬೋರ್ಡ್ ಹಾಳಾಗಿದೆ ಅಂತ ಹೊಸ ಕೀಬೋರ್ಡ್ ತಂದು ಸಿಕ್ಕಿಸಿದವರನ್ನು ನೋಡಿದ್ದೇನೆ. ಇವರ ಯಂತ್ರದಲ್ಲಿ 1 ಇತ್ತು, ಸರಿಯಾಗಿತ್ತು.

ಇನ್ನೊಂದು ಬಗೆಯದ್ದೂ ಇದೆ: ಜಾಸ್ತಿ ವಸ್ತು ಸೆಲೆಕ್ಟ್ ಮಾಡಿದರೆ ಹಿಡಿದು ಎಳೆಯುವ ನೀಲಿ ಚೌಕ, ಅಂದರೆ ಗ್ರಿಪ್, ಕಾಣಲ್ಲ. ಅದು ಕೆಟ್ಟಿರುವುದಲ್ಲ. ಗ್ರಿಪ್‌ಆಬ್ಜ್‌ಲಿಮಿಟ್ ಮಾಮೂಲಾಗಿ 100 ಇರುತ್ತೆ. ಅದಕ್ಕಿಂತ ಜಾಸ್ತಿ ಆಯ್ಕೆ ಆದರೆ ಗ್ರಿಪ್ ತೋರಿಸಬೇಡ ಅಂತ ಅದರ ಅರ್ಥ. ಹಾಗೇ ಬಿಟ್ಟೆ.

ನಾಲ್ಕನೆಯದು ಸ್ವಲ್ಪ ತಮಾಷೆಯಾಗಿತ್ತು. 100,100ರಿಂದ 300,100ಕ್ಕೆ ಒಂದು ಅಡ್ಡ ಗೆರೆ ಎಳೆಯೋಕೆ ಹೋದರೆ ಗೆರೆ ಓರೆಯಾಗಿ ಮೇಲಕ್ಕೆ ಹೋಗುತ್ತಿತ್ತು. ಅಳತೆ ನೋಡಿದರೆ 200 ಅಲ್ಲ, 316.23. ಈ ಸಂಖ್ಯೆಯೇ ಉತ್ತರ ಹೇಳುತ್ತೆ. 300ರ ವರ್ಗಕ್ಕೆ 100ರ ವರ್ಗ ಕೂಡಿ ವರ್ಗಮೂಲ ತೆಗೆದರೆ 316.23. ಅಂದರೆ ಎರಡನೇ ಬಿಂದುವನ್ನು ಅದು ಮೊದಲನೆಯದರಿಂದ ಎಣಿಸಿದೆ. ಗೆರೆ ಮುಗಿದದ್ದು 400,200ರಲ್ಲಿ. ಡೈನಾಮಿಕ್ ಇನ್‌ಪುಟ್ (ಕರ್ಸರ್ ಪಕ್ಕದಲ್ಲೇ ಸಂಖ್ಯೆ ಹೊಡೆಯುವ ಸೌಲಭ್ಯ) ಚಾಲೂ ಇದ್ದರೆ ಇದೇ ಮಾಮೂಲು ನಡವಳಿಕೆ. ಅವರ ಹಳೆಯ ಯಂತ್ರದಲ್ಲಿ ಅದು ಆಫ್ ಇತ್ತಂತೆ, ಹಾಗಾಗಿ ಕೈ ಆ ಅಭ್ಯಾಸಕ್ಕೆ ಬಿದ್ದಿತ್ತು. ಮೂರು ದಾರಿ ಹೇಳಿದೆ. ಎಫ್12 ಒತ್ತಿ ಆಫ್ ಮಾಡಿ. ಇಲ್ಲಾ ಸಂಖ್ಯೆಯ ಮುಂದೆ ಹ್ಯಾಶ್ ಗುರುತು ಹಾಕಿ. ಇಲ್ಲಾ ಡಿನ್‌ಪಿಕೋಆರ್ಡ್ಸ್ 1 ಮಾಡಿ, ಡಿ-ವೈ-ಎನ್, ಪಿ-ಐ, ಆಮೇಲೆ ಕೋಆರ್ಡ್ಸ್. ಅವರು ಮೂರನೆಯದನ್ನು ಆರಿಸಿದರು. ನಾನಾಗಿದ್ದರೆ ಮೊದಲನೆಯದು.

ವೇರಿಯಬಲ್ ಎಲ್ಲಿ ವಾಸ ಮಾಡುತ್ತೆ

ಇಲ್ಲಿಗೆ ಯಂತ್ರದ ಕೆಲಸ ಮುಗಿಯಿತು ಅಂದುಕೊಂಡೆ. ಆದರೆ ಅವರು ತೆರೆದ ಡ್ರಾಯಿಂಗಿನಲ್ಲಿ ಬೇರೆ ಥರದ ಕಾಟಗಳು ಶುರುವಾದವು. ಹ್ಯಾಚ್, ಅಂದರೆ ಆಕಾರದೊಳಗೆ ತುಂಬುವ ಗೆರೆಗಳ ವಿನ್ಯಾಸ, ಕಾಣುತ್ತಿಲ್ಲ. ಮಿರರ್ ಮಾಡಿದರೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುತ್ತೆ. ಇವು ಇನ್ನೊಂದು ಡ್ರಾಯಿಂಗಿನಲ್ಲಿ ಇರಲಿಲ್ಲ.

ಇದನ್ನು ಮೊದಲು ಅರ್ಥ ಮಾಡಿಕೊಂಡರೆ ಮುಕ್ಕಾಲು ರಿಪೇರಿ ಆದ ಹಾಗೆ. ಬದಲಾಯಿಸಬಹುದಾದ ವೇರಿಯಬಲ್‌ಗಳಿಗೆ ಮೂರು ಮನೆ. ಕೆಲವು ಡ್ರಾಯಿಂಗ್ ಫೈಲಿನೊಳಗೇ ಕೂತಿರುತ್ತವೆ. ಫೈಲ್ ಯಾವ ಯಂತ್ರಕ್ಕೆ ಹೋದರೂ ಜೊತೆಗೆ ಹೋಗುತ್ತವೆ. ಕೆಲವು ವಿಂಡೋಸಿನ ರಿಜಿಸ್ಟ್ರಿಯಲ್ಲಿ ಇರುತ್ತವೆ. ಯಾವ ಫೈಲ್ ತೆರೆದರೂ ಆ ಯಂತ್ರದಲ್ಲಿ ಅದೇ ಬೆಲೆ. ಇನ್ನು ಕೆಲವನ್ನು ಎಲ್ಲೂ ಉಳಿಸುವುದಿಲ್ಲ. ಮುಚ್ಚಿ ತೆರೆದರೆ ಮೊದಲಿನ ಸ್ಥಿತಿಗೆ ಬರುತ್ತವೆ. ‘ರೀಸ್ಟಾರ್ಟ್ ಮಾಡಿ ನೋಡಿ’ ಅನ್ನುವ ಮದ್ದು ಕೆಲವು ಸಲ ಕೆಲಸ ಮಾಡಿ ಕೆಲವು ಸಲ ಮಾಡದೇ ಇರೋದು ಇದಕ್ಕೇ.

ಪರೀಕ್ಷೆ ಸುಲಭ. ಒಂದು ಹೊಸ ಖಾಲಿ ಡ್ರಾಯಿಂಗ್ ತೆಗೆಯಿರಿ. ಅಲ್ಲೂ ಅದೇ ತೊಂದರೆ ಇದ್ದರೆ ರಿಜಿಸ್ಟ್ರಿ. ಅಲ್ಲಿ ಸರಿಯಿದ್ದರೆ ಆ ಫೈಲಿನದೇ ರೋಗ. ಇನ್ನೊಂದು ಸುಳಿವು ಆಪ್ಷನ್ಸ್ ಬಾಕ್ಸಿನಲ್ಲೇ ಇದೆ, ಬಹಳ ಜನ ಗಮನಿಸಿರಲ್ಲ. ಕೆಲವು ಆಯ್ಕೆಗಳ ಪಕ್ಕದಲ್ಲಿ ಡ್ರಾಯಿಂಗ್ ಫೈಲಿನ ಪುಟ್ಟ ಚಿತ್ರ ಇರುತ್ತೆ. ಆ ಚಿತ್ರ ಇದ್ದರೆ ಅದು ಈ ಡ್ರಾಯಿಂಗಿನಲ್ಲಿ ಉಳಿಯುತ್ತೆ ಅಂತ ಅರ್ಥ.

ಫೈಲಿಗೆ ಇಳಿದೆ. ಹ್ಯಾಚ್ ಕಾಣದ್ದಕ್ಕೆ ಫಿಲ್‌ಮೋಡ್ 0 ಇತ್ತು. 1 ಮಾಡಿದೆ. ಏನೂ ಆಗಲಿಲ್ಲ. ಪರದೆಯ ಮೇಲಿನದನ್ನು ಮತ್ತೆ ಬರೆಸುವ ರೀಜೆನ್ ಕೊಟ್ಟೆ, ಬಂತು. ಇದನ್ನು ಮರೆತು ವೇರಿಯಬಲ್ ಕೆಲಸ ಮಾಡಲ್ಲ ಅಂತ ಬೈಯುವವರು ಜಾಸ್ತಿ.

ಅಕ್ಷರ ತಿರುಗುವುದಕ್ಕೆ ಮಿರ್‌ಟೆಕ್ಸ್ಟ್. ಎಂ, ಐ, ಎರಡು ಆರ್, ಆಮೇಲೆ ಟೆಕ್ಸ್ಟ್. ಒಂದು ಆರ್ ಹೊಡೆದು ‘ಇಂಥ ಕಮಾಂಡ್ ಇಲ್ಲ’ ಅಂತ ಬೈಸಿಕೊಂಡವರಲ್ಲಿ ನಾನೂ ಒಬ್ಬ. 1 ಇದ್ದದ್ದನ್ನು 0 ಮಾಡಿದೆ. ಆಗ ಅವರು ಕೇಳಿದರು: ‘ಸರ್, ಇಲ್ಲಿ ಇನ್ನೂ ಉಲ್ಟಾನೇ ಇದೆಯಲ್ಲ?’ ಒಳ್ಳೆ ಪ್ರಶ್ನೆ. ಕೆಲವು ವೇರಿಯಬಲ್‌ಗಳು ಕಾಣುವ ರೀತಿಯನ್ನು ಬದಲಿಸುತ್ತವೆ. ಅವನ್ನು ತಿದ್ದಿ ರೀಜೆನ್ ಕೊಟ್ಟರೆ ಹಳೆಯದೂ ಸರಿ ಕಾಣುತ್ತೆ. ಕೆಲವು ಮುಂದೆ ಮಾಡುವ ಕೆಲಸಕ್ಕೆ ಮಾತ್ರ. ಮಿರ್‌ಟೆಕ್ಸ್ಟ್ ಎರಡನೇ ಜಾತಿ. ಆಗಲೇ ತಿರುಗಿ ಕೂತ ಅಕ್ಷರಗಳನ್ನು ಸೆಲೆಕ್ಟ್ ಮಾಡಿ, ಪ್ರಾಪರ್ಟೀಸ್ ಪ್ಯಾಲೆಟ್ಟಿನ ಕೆಳಭಾಗದಲ್ಲಿ ಬ್ಯಾಕ್‌ವರ್ಡ್ ಅನ್ನೋದನ್ನು ನೋ ಮಾಡಬೇಕು. ಒಂದು ಸಾಲಿನ ಟೆಕ್ಸ್ಟ್ ಎಲ್ಲವನ್ನೂ ಒಟ್ಟಿಗೆ ಹಿಡಿದು ಮಾಡಿದೆವು, ಒಂದು ನಿಮಿಷದ ಕೆಲಸ.

ಡಿಮ್‌ಅಸೋಕ್ ಕೂಡ ಇದೇ ಜಾತಿ. ಅದು 2 ಇದ್ದರೆ ಡೈಮೆನ್ಶನ್, ಅಂದರೆ ಅಳತೆ ತೋರಿಸುವ ಬಾಣ ಮತ್ತು ಸಂಖ್ಯೆ, ಗೆರೆಯ ಜೊತೆ ಅಂಟಿಕೊಂಡಿರುತ್ತೆ, ಗೆರೆ ಎಳೆದರೆ ಸಂಖ್ಯೆ ತಾನೇ ಬದಲಾಗುತ್ತೆ. 0 ಇದ್ದರೆ ಡೈಮೆನ್ಶನ್ ಹುಟ್ಟುವಾಗಲೇ ಬಿಡಿಬಿಡಿ: ಗೆರೆ ಬೇರೆ, ಬಾಣ ಬೇರೆ, ಅಕ್ಷರ ಬೇರೆ. ಈ ಫೈಲಿನಲ್ಲಿ 0 ಇತ್ತು. 2 ಮಾಡಿದೆ. ಆದರೆ ಆಗಲೇ ಹಾಕಿದ್ದ ಡೈಮೆನ್ಶನ್‌ಗಳನ್ನು ಅಳಿಸಿ ಹೊಸದಾಗಿ ಹಾಕದೆ ಬೇರೆ ದಾರಿ ಇರಲಿಲ್ಲ. ಅವರು ನಿಟ್ಟುಸಿರು ಬಿಟ್ಟರು. ನಾನೇನೂ ಮಾಡುವಂತಿರಲಿಲ್ಲ.

35.43ರ ಬಾಗಿಲು

ಅದೇ ಫೈಲಿನಲ್ಲಿ ಇನ್ನೊಂದು ವಿಚಿತ್ರ. 900 ಮಿಲಿಮೀಟರ್ ಅಗಲದ ಬಾಗಿಲಿನ ಬ್ಲಾಕ್ (ಒಮ್ಮೆ ಬರೆದಿಟ್ಟು ಬೇಕಾದಲ್ಲಿ ಸೇರಿಸುವ ಚಿತ್ರ) ಸೇರಿಸಿದರೆ ಎಲ್ಲೋ ಒಂದು ಚುಕ್ಕೆ. ಜೂಮ್ ಮಾಡಿ ಅಳೆದರೆ ಅಗಲ 35.43.

ಇಂಥ ಕಡೆ ನಾನು ಮೊದಲು ಮಾಡುವುದು ಭಾಗಾಕಾರ. 900 ಭಾಗಿಸು 35.43, ಸುಮಾರು 25.4. ಇಂಚು ಮತ್ತು ಮಿಲಿಮೀಟರ್ ನಡುವಿನ ಸಂಖ್ಯೆ. 25.4 ಎಲ್ಲಿ ಕಂಡರೂ ಯೂನಿಟ್ ಗಲಾಟೆ ಅಂತ ಕಣ್ಣು ಮುಚ್ಚಿ ಹೇಳಬಹುದು. 1000 ಬಂದರೆ ಮೀಟರ್ ಮತ್ತು ಮಿಲಿಮೀಟರ್, 304.8 ಬಂದರೆ ಅಡಿ ಮತ್ತು ಮಿಲಿಮೀಟರ್.

ಇನ್ಸ್‌ಯೂನಿಟ್ಸ್ ಹೊಡೆದೆ. ಐ-ಎನ್-ಎಸ್, ಯೂನಿಟ್ಸ್. 1 ಇತ್ತು, ಅಂದರೆ ಇಂಚು. ಡ್ರಾಯಿಂಗ್ ಬರೆದವರು ಸಂಖ್ಯೆಗಳನ್ನೆಲ್ಲ ಮಿಲಿಮೀಟರಿನಲ್ಲೇ ಹೊಡೆದಿದ್ದರು. ಆದರೆ ಫೈಲಿಗೆ ಅದು ಗೊತ್ತಿರಲಿಲ್ಲ. ಬಾಗಿಲಿನ ಬ್ಲಾಕಿಗೆ ತಾನು ಮಿಲಿಮೀಟರ್ ಅಂತ ಗೊತ್ತಿತ್ತು. ಹಾಗಾಗಿ ಆಟೋಕ್ಯಾಡ್ ಮರ್ಯಾದೆಯಾಗಿ 900ನ್ನು ಇಂಚಿಗೆ ಬದಲಿಸಿ ಇಟ್ಟಿತು. ತಪ್ಪು ಅದರದ್ದಲ್ಲ. ಮಿಲಿಮೀಟರಿಗೆ 4, ಸೆಂಟಿಮೀಟರಿಗೆ 5, ಮೀಟರಿಗೆ 6, ಅಡಿಗೆ 2. ಇಲ್ಲಿ 4 ಹಾಕಿದೆ. ಆಗಲೇ ಬಂದಿರುವ ಗೆರೆಗಳು ಅಲುಗಾಡಲ್ಲ, ಮುಂದೆ ಬರುವ ಬ್ಲಾಕುಗಳು ಸರಿಯಾದ ಅಳತೆಗೆ ಬರುತ್ತವೆ. ಹಿಂದೆ ಬಂದ ಪುಟ್ಟ ಬಾಗಿಲನ್ನು ಅಳಿಸಿ ಮತ್ತೆ ಸೇರಿಸಿದೆವು.

0 ಇದ್ದರೆ ಯೂನಿಟ್ ಇಲ್ಲ ಅಂತ. ಆಗ ಆಪ್ಷನ್ಸಿನ ಯೂಸರ್ ಪ್ರಿಫರೆನ್ಸಸ್‌ನಲ್ಲಿರುವ ಇನ್ಸರ್ಶನ್ ಸ್ಕೇಲಿನ ಮಾಮೂಲು ಯೂನಿಟ್‌ಗಳು ಲೆಕ್ಕಕ್ಕೆ ಬರುತ್ತವೆ. ಅವು ರಿಜಿಸ್ಟ್ರಿಯಲ್ಲಿವೆ. ಅದಕ್ಕೇ ಒಂದೇ ಫೈಲು, ಒಂದೇ ಬ್ಲಾಕು, ಇಬ್ಬರ ಯಂತ್ರದಲ್ಲಿ ಎರಡು ಅಳತೆ. ಇಂಥ ಜಗಳ ಬಿಡಿಸಲು ಹೋಗಿ ನಾನು ಒಂದು ಸಂಜೆ ಕಳೆದಿದ್ದೇನೆ.

ಬ್ಯಾಕಪ್ಪಿನ ಮಾತು

ಎದ್ದು ಹೋಗುವ ಮುಂಚೆ ಇನ್ನೆರಡು ನೋಡಿದೆ. ಸೇವ್‌ಟೈಮ್ 10 ಇತ್ತು, ಸರಿ. ಹತ್ತು ನಿಮಿಷಕ್ಕೊಮ್ಮೆ ತಾನೇ ಉಳಿಸುತ್ತೆ. ನಾವು ಕೈಯಾರೆ ಸೇವ್ ಮಾಡಿದರೆ ಆ ಗಡಿಯಾರ ಮತ್ತೆ ಮೊದಲಿನಿಂದ ಶುರು. ಐಸೇವ್‌ಬ್ಯಾಕ್, ಕೊನೆಗೆ ಬಿ-ಎ-ಕೆ, 0 ಇತ್ತು. ಸೇವ್ ನಿಧಾನ ಆಗುತ್ತೆ ಅಂತ ಯಾರೋ ಆರಿಸಿದ್ದಾರೆ. ನನಗೆ ಇದು ಒಪ್ಪಿಗೆ ಇಲ್ಲ. 1 ಇದ್ದರೆ ಪ್ರತಿ ಸಲ ಸೇವ್ ಮಾಡುವಾಗ ಹಿಂದಿನ ಪ್ರತಿ ಬಿಎಕೆ ಫೈಲಾಗಿ ಪಕ್ಕದಲ್ಲೇ ಉಳಿಯುತ್ತೆ. ಕೊನೆಯ ಮೂರು ಅಕ್ಷರ ಡಿಡಬ್ಲ್ಯೂಜಿ ಅಂತ ಬದಲಿಸಿದರೆ ತೆರೆದುಕೊಳ್ಳುತ್ತೆ. ಇದಕ್ಕಾಗಿ ಎರಡು ಸೆಕೆಂಡ್ ಕಾಯಬಹುದು. 1 ಮಾಡಿದೆ.

ಆಟೋಸೇವ್ ಫೈಲುಗಳು ಎಲ್ಲಿ ಹೋಗುತ್ತವೆ ಅಂತಲೂ ತೋರಿಸಿದೆ. ಸೇವ್‌ಫೈಲ್‌ಪಾತ್ ಅಂತ ಹೊಡೆದರೆ ಫೋಲ್ಡರ್ ಹೇಳುತ್ತೆ. ಎಸ್‌ವಿ ಮತ್ತು ಡಾಲರ್ ಗುರುತಿನ ಬಾಲ ಇರುವ ಫೈಲುಗಳು ಅಲ್ಲಿರುತ್ತವೆ. ಆದರೆ ಡ್ರಾಯಿಂಗ್ ಸರಿಯಾಗಿ ಮುಚ್ಚಿದರೆ ಆ ಫೈಲ್ ಅಳಿಸಿಹೋಗುತ್ತೆ. ಕ್ರ್ಯಾಶ್ ಆದಾಗ ಮಾತ್ರ ಉಳಿಯುತ್ತೆ. ನಿನ್ನೆ ಸಂಜೆ ಸೇವ್ ಮಾಡದೆ ಮುಚ್ಚಿದ ಕೆಲಸ ಅಲ್ಲಿ ಸಿಗಲ್ಲ.

ನನ್ನ ಫೈಲು, ನನ್ನ ಎಡವಟ್ಟು

ಅವತ್ತು ಸಂಜೆ ಕೂತು ಯೋಚಿಸಿದೆ. ಪ್ರತಿ ಡ್ರಾಯಿಂಗ್ ತೆರೆದಾಗಲೂ ಈ ಬೆಲೆಗಳನ್ನು ತಾನೇ ಸರಿಪಡಿಸುವ ಒಂದು ಫೈಲ್ ಇದ್ದರೆ? ಆಟೋಕ್ಯಾಡಿನಲ್ಲಿ ಅದಕ್ಕೆ ವ್ಯವಸ್ಥೆ ಇದೆ. ಎಕ್ಯಾಡ್‌ಡಾಕ್ ಅನ್ನುವ ಹೆಸರಿನ ಲಿಸ್ಪ್ ಫೈಲ್ (ಎ-ಸಿ-ಎ-ಡಿ, ಡಿ-ಓ-ಸಿ) ಸಪೋರ್ಟ್ ಫೋಲ್ಡರಿನಲ್ಲಿ ಇದ್ದರೆ ಪ್ರತಿ ಡ್ರಾಯಿಂಗ್ ತೆರೆದಾಗಲೂ ಅದು ಓಡುತ್ತೆ. ನೋಟ್‌ಪ್ಯಾಡಿನಲ್ಲಿ ಬರೆಯಬಹುದು. ಒಂದೊಂದು ಸಾಲಿನಲ್ಲಿ ಸೆಟ್‌ವಾರ್, ವೇರಿಯಬಲ್ ಹೆಸರು, ಬೆಲೆ.

ಮೊದಲ ಪ್ರತಿಯಲ್ಲಿ ನಾನು ಉತ್ಸಾಹದಿಂದ ಎಲ್ಲವನ್ನೂ ತುಂಬಿದೆ. ಫೈಲ್‌ಡಯಾ, ಪಿಕ್‌ಆ್ಯಡ್, ಪಿಕ್‌ಫಸ್ಟ್, ಓಎಸ್‌ಮೋಡ್, ಐಸೇವ್‌ಬ್ಯಾಕ್. ಹಾಗೇ ಮಿರ್‌ಟೆಕ್ಸ್ಟ್, ಇನ್ಸ್‌ಯೂನಿಟ್ಸ್, ತುಂಡು ಗೆರೆಗಳ ತುಂಡು ಮತ್ತು ಸಂದಿನ ಅಳತೆ ಹೇಳುವ ಎಲ್‌ಟಿಸ್ಕೇಲ್. ಮೇಲೆ ಮೂರು ಮನೆಯ ಪಾಠ ಹೇಳಿದ ಮಹಾಶಯ ನಾನೇ.

ಸೆಕ್ಯೂರ್‌ಲೋಡ್ 1 ಇದ್ದದ್ದರಿಂದ ಅಪರಿಚಿತ ಫೋಲ್ಡರಿನ ಲಿಸ್ಪ್ ಓಡಿಸಲಾ ಅಂತ ಎಚ್ಚರಿಕೆ ಬಂತು. ಅದನ್ನು 0 ಮಾಡಿ ಅಂತ ಸಲಹೆ ಕೊಡುವವರಿದ್ದಾರೆ. ಬೇಡ. ಆಪ್ಷನ್ಸಿನ ಟ್ರಸ್ಟೆಡ್ ಲೊಕೇಶನ್ಸ್‌ನಲ್ಲಿ ಆ ಒಂದು ಫೋಲ್ಡರ್ ಸೇರಿಸಿದರೆ ಸಾಕು. ಈ ಹೆಸರಿನ ಫೈಲು ಪ್ರತಿ ಡ್ರಾಯಿಂಗಿಗೂ ತಾನೇ ಓಡುತ್ತೆ ಅನ್ನೋದನ್ನೇ ಹಿಡಿದು ವೈರಸ್ ಬರೆದವರಿದ್ದಾರೆ. ಬಾಗಿಲು ಪೂರ್ತಿ ತೆಗೆದಿಡಬೇಡಿ.

ನನ್ನ ಯಂತ್ರದಲ್ಲಿ ಚೆನ್ನಾಗಿ ಓಡಿತು. ಅವರ ಯಂತ್ರಕ್ಕೂ ಹಾಕಿದೆ. ಎರಡು ದಿನ ಶಾಂತಿ.

ಮೂರನೇ ದಿನ ಅವರು ಒಂದು ಪ್ರಿಂಟ್ ಹಿಡಿದುಕೊಂಡು ಬಂದರು. ಸೆಂಟರ್ ಲೈನ್‌ಗಳೆಲ್ಲ ಒಂದೇ ಉದ್ದನೆಯ ಗೆರೆ. ಚುಕ್ಕೆಯೂ ಇಲ್ಲ, ಸಂದೂ ಇಲ್ಲ. ‘ಸರ್, ನಾನೇನೂ ಮುಟ್ಟಿಲ್ಲ. ಸುಮ್ನೆ ತೆಗೆದು ನೋಡಿ ಮುಚ್ಚಿದೆ, ಅಷ್ಟೇ. ಮುಚ್ಚುವಾಗ ಸೇವ್ ಮಾಡ್ಲಾ ಅಂತ ಕೇಳಿತು, ಹೂಂ ಅಂದೆ.’

ಸುಮ್ನೆ ತೆಗೆದು ನೋಡಿದ ಫೈಲು ಸೇವ್ ಮಾಡಲಾ ಅಂತ ಯಾಕೆ ಕೇಳಬೇಕು? ಅಲ್ಲೇ ಹೊಟ್ಟೆಯಲ್ಲಿ ಕಸಿವಿಸಿ ಶುರುವಾಯಿತು. ಬೇರೊಂದು ಫೈಲ್ ತೆರೆದು ಏನೂ ಮುಟ್ಟದೆ ಡಿಬಿಮಾಡ್ ಹೊಡೆದೆ. ಡಿ-ಬಿ-ಎಂ-ಓ-ಡಿ. ಇದನ್ನು ನಾವು ಬದಲಿಸೋಕೆ ಆಗಲ್ಲ, ಓದಬಹುದು ಅಷ್ಟೇ. ತೆರೆದ ಮೇಲೆ ಡ್ರಾಯಿಂಗಿನಲ್ಲಿ ಏನು ಬದಲಾಗಿದೆ ಅಂತ ಹೇಳುತ್ತೆ. ವಸ್ತುಗಳು ಬದಲಾದರೆ 1, ಡ್ರಾಯಿಂಗಿನ ವೇರಿಯಬಲ್ ಬದಲಾದರೆ 4, ವಿಂಡೋ ಬದಲಾದರೆ 8, ವ್ಯೂ ಬದಲಾದರೆ 16. ಇದನ್ನೂ ಕೂಡಿಸಿಯೇ ಓದಬೇಕು. ಬಂದ ಉತ್ತರ 4.

ನನ್ನ ಫೈಲೇ ಕಳ್ಳ. ನಾನು ಲೇಔಟಿನಲ್ಲಿ, ಅಂದರೆ ಪ್ರಿಂಟಿಗೆ ಹಾಳೆ ಜೋಡಿಸುವ ಜಾಗದಲ್ಲಿ, ಪಿಎಸ್‌ಎಲ್‌ಟಿಸ್ಕೇಲ್ 1, ಎಲ್‌ಟಿಸ್ಕೇಲ್ 1 ಇಟ್ಟು ಕೆಲಸ ಮಾಡುವವನು. ಹಾಗೆ ಇಟ್ಟರೆ 1:50ರ ವ್ಯೂಪೋರ್ಟಿನಲ್ಲೂ (ಹಾಳೆಯ ಮೇಲೆ ಡ್ರಾಯಿಂಗ್ ತೋರಿಸುವ ಕಿಟಕಿ) 1:100ರ ವ್ಯೂಪೋರ್ಟಿನಲ್ಲೂ ಗೆರೆಯ ತುಂಡುಗಳು ಹಾಳೆಯ ಮೇಲೆ ಒಂದೇ ಉದ್ದ. ಆದರೆ ಅವರಿಗೆ ಬರುವ ಡ್ರಾಯಿಂಗುಗಳು ಹಳೆಯ ಪದ್ಧತಿಯವು. ಮಾಡೆಲಿನಿಂದ, ಅಂದರೆ ಡ್ರಾಯಿಂಗ್ ಬರೆದ ಜಾಗದಿಂದಲೇ ಪ್ರಿಂಟು, ಎಲ್‌ಟಿಸ್ಕೇಲ್ 50 ಅಥವಾ 100. ಅಲ್ಲಿಗೆ ಹೋಗಿ ನನ್ನ ಫೈಲು 1 ಮಾಡಿತು. ಸಂದುಗಳು ಐವತ್ತರಲ್ಲಿ ಇಲ್ಲಾ ನೂರರಲ್ಲಿ ಒಂದು ಪಾಲಿಗೆ ಕುಗ್ಗಿ ಕಣ್ಣಿಗೇ ಕಾಣದಾದವು.

ಹಾಳಾದದ್ದು ನಾಲ್ಕು ಫೈಲು. ಐಸೇವ್‌ಬ್ಯಾಕ್ 1 ಮಾಡಿಟ್ಟಿದ್ದು ಇಲ್ಲಿ ಕೈ ಹಿಡಿಯಿತು. ನಾಲ್ಕರ ಬಿಎಕೆಗಳಿಂದಲೂ ಹಳೆಯ ಎಲ್‌ಟಿಸ್ಕೇಲ್ ಎಷ್ಟಿತ್ತು ಅಂತ ನೋಡಿ ವಾಪಸ್ ಹಾಕಿದೆ. ಸಾರಿಯನ್ನೂ ಕೇಳಿದೆ.

ಲಿಸ್ಪಿನಲ್ಲಿ ಡಿಬಿಮಾಡನ್ನು ಎತ್ತಿಟ್ಟು, ಕೆಲಸ ಆದ ಮೇಲೆ ವಾಪಸ್ ಇಡುವ ಒಂದು ಜೋಡಿ ಫಂಕ್ಷನ್ ಇದೆ. ಹಾಗೆ ಮಾಡಿದರೆ ಸೇವ್ ಮಾಡಲಾ ಅಂತ ಕೇಳುವುದು ನಿಲ್ಲುತ್ತೆ. ಒಬ್ಬರು ಅದನ್ನೇ ಹಾಕು ಅಂದರು. ಅದು ಗಂಟೆಯ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಆ ಪ್ರಶ್ನೆ ಬರದೇ ಇದ್ದಿದ್ದರೆ ನನಗೆ ತಪ್ಪು ಗೊತ್ತೇ ಆಗುತ್ತಿರಲಿಲ್ಲ.

ಎರಡನೇ ಪ್ರತಿಯಲ್ಲಿ ರಿಜಿಸ್ಟ್ರಿಯಲ್ಲಿ ವಾಸಿಸುವವನ್ನು ಮಾತ್ರ ಉಳಿಸಿಕೊಂಡೆ. ಡ್ರಾಯಿಂಗಿನಲ್ಲಿ ವಾಸಿಸುವವನ್ನು ಪೂರ್ತಿ ತೆಗೆದೆ. ಅವು ಇರಬೇಕಾದ ಜಾಗ ಟೆಂಪ್ಲೇಟ್ ಫೈಲು. ಹೊಸ ಡ್ರಾಯಿಂಗ್ ಅದರಿಂದ ಹುಟ್ಟುವಾಗ ಸರಿಯಾದ ಬೆಲೆ ಹೊತ್ತುಕೊಂಡೇ ಬರಲಿ. ಬೇರೆಯವರ ಡ್ರಾಯಿಂಗಿನ ಒಳಗೆ ಕೈ ಹಾಕುವುದು ಬೇಡ.

ಇನ್ನೊಂದು ಸಣ್ಣ ಗುಂಡಿಗೂ ಬಿದ್ದೆ. ಟ್ರಿಮ್‌ಎಕ್ಸ್‌ಟೆಂಡ್‌ಮೋಡ್ ಅನ್ನುವ ವೇರಿಯಬಲ್ 2021ರ ಆವೃತ್ತಿಯಲ್ಲಿ ಬಂದದ್ದು. ಅದನ್ನು 0 ಮಾಡಿದರೆ ಟ್ರಿಮ್ ಹಳೆಯ ರೀತಿಯಲ್ಲಿ, ಅಂದರೆ ಮೊದಲು ಗಡಿ ಗೆರೆ ಕೇಳುವ ರೀತಿಯಲ್ಲಿ ನಡೆಯುತ್ತೆ. ನನಗೆ ಅದೇ ಇಷ್ಟ ಅಂತ ಫೈಲಿನಲ್ಲಿ ಸೇರಿಸಿದೆ. ಹಳೆಯ ಆವೃತ್ತಿ ಇದ್ದ ಒಂದು ಯಂತ್ರದಲ್ಲಿ ಆ ಹೆಸರೇ ಗೊತ್ತಿಲ್ಲದೆ ಎರರ್ ಬಂತು. ಅಲ್ಲಿಗೆ ಫೈಲ್ ನಿಂತಿತು, ಅದರ ಕೆಳಗಿನ ಸಾಲುಗಳು ಯಾವುವೂ ಓಡಲಿಲ್ಲ. ಸೆಟ್‌ವಾರ್ ಮಾಡುವ ಮುಂಚೆ ಗೆಟ್‌ವಾರ್ ಹಾಕಿ ನೋಡಬೇಕು. ಇಲ್ಲದ ವೇರಿಯಬಲ್‌ಗೆ ಗೆಟ್‌ವಾರ್ ಎರರ್ ಕೊಡಲ್ಲ, ನಿಲ್ ಅನ್ನುತ್ತೆ. ನಿಲ್ ಬಂದರೆ ಆ ಸಾಲು ಬಿಟ್ಟು ಮುಂದೆ ಹೋಗು ಅಂತ ಬರೆದೆ.

ಪರೀಕ್ಷೆ ಮಾಡುವಾಗ ಕಮಾಂಡ್ ಲೈನಿನಲ್ಲಿ ಗದ್ದಲ ಜಾಸ್ತಿ ಅಂತ ನೋಮಟ್ 1 ಮಾಡಿದ್ದೆ. ಕೊನೆಗೆ ಎರಡು ಟಿ. ಅದು ಸಂದೇಶಗಳನ್ನೆಲ್ಲ ಮುಚ್ಚುತ್ತೆ. ನಡುವೆ ಎರರ್ ಬಂದು ಅದು 1ರಲ್ಲೇ ಉಳಿಯಿತು. ಕಮಾಂಡ್ ಲೈನ್ ಪೂರ್ತಿ ಮೂಕ. ಲೈನ್ ಹೊಡೆದರೆ ಮೊದಲ ಬಿಂದು ಎಲ್ಲಿ ಅಂತಲೂ ಕೇಳಲ್ಲ. ಪುಣ್ಯಕ್ಕೆ ಇದು ಮೂರನೇ ಮನೆಯದ್ದು, ಎಲ್ಲೂ ಉಳಿಯಲ್ಲ. ಮುಚ್ಚಿ ತೆರೆದೆ, ಬಾಯಿ ಬಂತು.

ಕಳ್ಳ ಲಿಸ್ಪಿಗೆ ಹೊಲಿಗೆ

ಕೊನೆಗೆ ಮೂಲಕ್ಕೇ ಹೋದೆ. ಆ ಪ್ರಿಂಟ್ ಹಾಕುವ ಲಿಸ್ಪ್ ಒಳ್ಳೆಯದೇ, ಬಿಡೋಕೆ ಮನಸ್ಸಿಲ್ಲ. ಅದರಲ್ಲಿ ಇಲ್ಲದ್ದು ಎರರ್ ಫಂಕ್ಷನ್. ಎಸ್ಕೇಪ್ ಒತ್ತಿದಾಗ ಆಟೋಲಿಸ್ಪ್ ಎರಡೂ ಬದಿಗೆ ನಕ್ಷತ್ರ ಇರುವ ಎರರ್ ಅನ್ನುವ ಫಂಕ್ಷನ್ನನ್ನು ಕರೆಯುತ್ತೆ. ನಾನು ಮಾಡಿದ್ದು ಇಷ್ಟು. ಶುರುವಿನಲ್ಲೇ ಫೈಲ್‌ಡಯಾ ಮತ್ತು ಓಎಸ್‌ಮೋಡ್ ಬೆಲೆಗಳನ್ನು ಗೆಟ್‌ವಾರ್‌ನಿಂದ ತೆಗೆದು ಎರಡು ಹೆಸರಿನಲ್ಲಿ ಇಟ್ಟುಕೊಂಡೆ. ವಾಪಸ್ ಇಡುವ ಸಾಲುಗಳನ್ನು ಕೊನೆಯಲ್ಲೂ ಬರೆದೆ, ಎರರ್ ಫಂಕ್ಷನ್ನಿನಲ್ಲೂ ಬರೆದೆ. ಆ ಎರರ್ ಹೆಸರನ್ನು, ಫಂಕ್ಷನ್ ಶುರುವಾಗುವ ಡಿಫನ್ ಸಾಲಿನಲ್ಲಿ ಓರೆಗೆರೆಯ ನಂತರ ಬರುವ ಲೋಕಲ್ ಪಟ್ಟಿಯಲ್ಲಿ ಸೇರಿಸಿದೆ. ಇಲ್ಲದಿದ್ದರೆ ಬೇರೆ ಲಿಸ್ಪ್‌ಗಳೂ ಇದನ್ನೇ ಕರೆಯಲು ಶುರು ಮಾಡುತ್ತವೆ. ಫೈಲ್‌ಡಯಾವನ್ನು ವಾಪಸ್ ಇಡುವಾಗ ನೇರವಾಗಿ 1 ಅಂತ ಬರೆಯಲಿಲ್ಲ. ಮೊದಲು ಏನಿತ್ತೋ ಅದನ್ನೇ ಇಟ್ಟೆ.

ಓಡಿಸಿ, ಮೂರನೇ ಶೀಟಿನ ಹೊತ್ತಿಗೆ ಎಸ್ಕೇಪ್ ಒತ್ತಿದೆ. ಓಎಸ್‌ಮೋಡ್ 4133. ಕಂಟ್ರೋಲ್ ಓ, ಬಾಕ್ಸ್ ಬಂತು.

ಅವರ ಆವೃತ್ತಿ 2016ರ ನಂತರದ್ದಾದ್ದರಿಂದ ಸಿಸ್‌ವಾರ್‌ಮಾನಿಟರ್ ಕೂಡ ಸಿಕ್ಕಿತು. ಆ ಕಮಾಂಡ್ ಹೊಡೆದರೆ ಒಂದು ಪಟ್ಟಿ ಬರುತ್ತೆ. ಅದರಲ್ಲಿ ನಮಗೆ ಬೇಕಾದ ವೇರಿಯಬಲ್ ಸೇರಿಸಿ, ಇರಬೇಕಾದ ಬೆಲೆ ಬರೆದಿಟ್ಟರೆ, ಯಾವುದಾದರೂ ಬದಲಾದಾಗ ಅದು ಸೂಚನೆ ಕೊಡುತ್ತೆ. ಎಲ್ಲವನ್ನೂ ಒಟ್ಟಿಗೆ ಸರಿ ಮಾಡುವ ಬಟನ್ನೂ ಅಲ್ಲೇ ಇದೆ. ಇದು ಮೊದಲೇ ನೆನಪಾಗಿದ್ದರೆ ನನ್ನ ಎಕ್ಯಾಡ್‌ಡಾಕ್ ಸಾಹಸ ಅರ್ಧ ಬೇಕಿರಲಿಲ್ಲ. ಹಳೆಯ ಆವೃತ್ತಿಯ ಯಂತ್ರಗಳಿಗೆ ಬೇಕಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಫೈಲಿನ ಕೊನೆಯಲ್ಲಿ ಕೈಗೆ ಹಿತವಾದ ಎರಡು ಮೂರು ಸೇರಿಸಿದ್ದೇನೆ. ಪಿಎಡಿಟ್‌ಆಕ್ಸೆಪ್ಟ್ 1: ಇದು ಪಾಲಿಲೈನ್ ಅಲ್ಲ, ಮಾಡಲಾ ಅಂತ ಪ್ರತಿ ಸಲ ಕೇಳುವುದು ನಿಲ್ಲುತ್ತೆ. ಹೆಸರು ಹೊಡೆಯುವಾಗ ಪಿ-ಇ-ಡಿ-ಐ-ಟಿ ಅಂತಲೇ ಶುರು ಮಾಡಿ. ಎಂಬಟನ್‌ಪ್ಯಾನ್ 1: ಮೌಸಿನ ಗಾಲಿ ಒತ್ತಿ ಎಳೆದರೆ ಪ್ಯಾನ್ ಆಗುತ್ತೆ. ಕರ್ಸರ್‌ಸೈಜ್ 100: ಅಡ್ಡಗೆರೆ ಪರದೆ ಪೂರ್ತಿ. ಇದು ಅವರಿಗೆ ಇಷ್ಟವಾಗಲಿಲ್ಲ, ಅವರ ಪ್ರತಿಯಲ್ಲಿ ತೆಗೆದೆ.

ಎರಡನೇ ಪ್ರತಿ ಹಾಕಿದ ದಿನ ಅವರ ಹದಿನೈದು ಫೈಲನ್ನು ಒಂದೊಂದಾಗಿ ತೆರೆದು, ಏನೂ ಮುಟ್ಟದೆ ಮುಚ್ಚಿದೆವು. ಹದಿನಾಲ್ಕು ಸುಮ್ಮನೆ ಮುಚ್ಚಿಕೊಂಡವು. ಒಂದು ಮಾತ್ರ ಸೇವ್ ಮಾಡಲಾ ಅಂತ ಕೇಳಿತು. ನನ್ನ ಫೈಲನ್ನು ಆ ಫೋಲ್ಡರಿನಿಂದ ಎತ್ತಿ ಬೇರೆ ಕಡೆ ಇಟ್ಟು ಅದನ್ನೇ ಮತ್ತೆ ತೆರೆದು ಮುಚ್ಚಿದೆ. ಆಗಲೂ ಕೇಳಿತು. ಸರಿ, ಈ ಸಲ ನನ್ನದಲ್ಲ. ಬೇಡ ಅಂತ ಒತ್ತಿ ಮುಚ್ಚಿದೆವು.